ಕರುಳಿನ ಉರಿಯೂತ ಮತ್ತು ಒಳಗಿನ ಸೂಕ್ಷ್ಮಜೀವಿಗಳು

ಮಲದಲ್ಲಿ ರಕ್ತ ಕಾಣಿಸಿಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಉಷ್ಣವಾಗಿದೆ’ ಎಂಬುದು. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜದ ನೀರು ಇವುಗಳಿಂದ ಉಪಚಾರ ಆರಂಭವಾಗುತ್ತದೆ. ಅದಕ್ಕೂ ನಿಲ್ಲದಿದ್ದರೆ ಮೂಲವ್ಯಾಧಿ ಇರಬೇಕೆಂದು ಊಹಿಸಿ, ನಾಚಿಕೆಯಿಂದ ವೈದ್ಯರಿಗೆ ತೋರಿಸದೆ, ಯಾರೋ ಹೇಳಿದ ಮುಲಾಮು ಹಚ್ಚಿಕೊಳ್ಳುವುದುಂಟು. ರಕ್ತದೊಡನೆ ಭೇದಿಯೂ ಸೇರಿಕೊಂಡರೆ ಆಮಶಂಕೆಯೆಂದು ಔಷಧದಂಗಡಿಯಿಂದ ಐದು ದಿನಗಳ ಮಾತ್ರೆ ತಂದು ನುಂಗುತ್ತಾರೆ. ಕೆಲವು ದಿನ ಕಡಿಮೆಯಾದಂತೆ ತೋರಿ ಮತ್ತೆ ಮರುಕಳಿಸುತ್ತದೆ. ಹೀಗೆ ವರ್ಷವೇ ಕಳೆದು, ಮೈ ಇಳಿದು, ಮುಖ ಬಿಳಿಚಿಕೊಂಡ ಮೇಲೆ ದೊಡ್ಡ ಆಸ್ಪತ್ರೆಗೆ ಹೋದಾಗ, ಕೊಲೊನೋಸ್ಕೋಪಿ ಪರೀಕ್ಷೆಯಲ್ಲಿ ದೊಡ್ಡ ಕರುಳಿನ ಒಳಪದರವು ಕೆಂಪೇರಿ ಹುಣ್ಣಾಗಿರುವುದು ಕಾಣುತ್ತದೆ. ‘ಅಲ್ಸರೇಟಿವ್ ಕೊಲೈಟಿಸ್’ ಎಂಬ ಅಪರಿಚಿತ ಹೆಸರು ಅಂದು ಆ ಮನೆಯೊಳಗೆ ಕಾಲಿಡುತ್ತದೆ.

ಆಗ ರೋಗಿಯೂ ಮನೆಯವರೂ ಕೇಳುವ ಪ್ರಶ್ನೆ ಸಹಜವಾದದ್ದೇ: “ಡಾಕ್ಟರೇ, ಇದು ಯಾವ ಕ್ರಿಮಿಯಿಂದ ಬಂತು? ಅದನ್ನು ಕೊಲ್ಲುವ ಔಷಧ ಕೊಟ್ಟುಬಿಡಿ.” ಈ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ಕಷ್ಟ. ಇಂಥದ್ದೇ ಕ್ರಿಮಿಯೆಂದು ಬೆರಳಿಟ್ಟು ತೋರಿಸಬಹುದಾದದ್ದು ಇಲ್ಲಿ ಯಾವುದೂ ಇಲ್ಲ. ಆದರೆ ಕರುಳಿನೊಳಗೆ ಬ್ಯಾಕ್ಟೀರಿಯಾಗಳೇ ಇಲ್ಲದಿದ್ದರೆ ಈ ರೋಗವು ಬಹುಮಟ್ಟಿಗೆ ಹುಟ್ಟುತ್ತಲೇ ಇರಲಿಲ್ಲವೆಂಬುದೂ ನಿಜ. ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡೂ ಹೇಗೆ ಸತ್ಯವೆಂಬುದನ್ನು ತಿಳಿದರೆ ರೋಗವೂ ಅರ್ಥವಾಗುತ್ತದೆ, ಚಿಕಿತ್ಸೆಯ ಕ್ರಮವೂ ಅರ್ಥವಾಗುತ್ತದೆ.

ಕರುಳಿನ ದೀರ್ಘಕಾಲದ ಉರಿಯೂತವು ಮುಖ್ಯವಾಗಿ ಎರಡು ಬಗೆಯದು. ಒಂದು, ಮೇಲೆ ಹೇಳಿದ ಅಲ್ಸರೇಟಿವ್ ಕೊಲೈಟಿಸ್. ಇದು ಗುದನಾಳದಿಂದ ಆರಂಭವಾಗಿ ದೊಡ್ಡ ಕರುಳಿನಲ್ಲಿ ಮೇಲ್ಮುಖವಾಗಿ ಹಬ್ಬುತ್ತದೆ, ಒಳಪದರಕ್ಕೆ ಸೀಮಿತವಾಗಿರುತ್ತದೆ. 1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯರು ಇದನ್ನು ಗುರುತಿಸಿ ಬರೆದರು. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಆದರೆ ಸಣ್ಣ ಕರುಳಿನ ಕೊನೆಯ ಭಾಗ ಇದಕ್ಕೆ ಹೆಚ್ಚಾಗಿ ತುತ್ತಾಗುತ್ತದೆ. ನಡುನಡುವೆ ಆರೋಗ್ಯವಂತ ಭಾಗಗಳನ್ನು ಬಿಟ್ಟು ತೇಪೆ ತೇಪೆಯಾಗಿ ಹರಡುವುದು, ಕರುಳಿನ ಗೋಡೆಯ ಪೂರ್ಣ ದಪ್ಪಕ್ಕೂ ಇಳಿಯುವುದು ಇದರ ಲಕ್ಷಣ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಸಹೋದ್ಯೋಗಿಗಳಾದ ಗಿಂಜ್‌ಬರ್ಗ್, ಓಪನ್‌ಹೈಮರ್ ಇದನ್ನು 14 ರೋಗಿಗಳಲ್ಲಿ ವಿವರಿಸಿದರು. ಆತಂಕವಾದಾಗ ಹೊಟ್ಟೆ ಕೆಡುವ ಐ.ಬಿ.ಎಸ್. ಎಂಬ ತೊಂದರೆ ಬೇರೆ. ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ, ರಕ್ತವೂ ಹೋಗುವುದಿಲ್ಲ. ಹೆಸರಿನಲ್ಲಿರುವ ಸಾಮ್ಯದಿಂದ ಗೊಂದಲವಾಗಬಾರದೆಂದು ಈ ಮಾತು.

ಇದು ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಒಂದು ಕಾಲದಲ್ಲಿ ವೈದ್ಯಕೀಯ ಕಾಲೇಜುಗಳಲ್ಲಿಯೇ ಹೇಳುತ್ತಿದ್ದರು. ಪಂಜಾಬಿನ ಲುಧಿಯಾನಾದ ವೈದ್ಯರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯನ್ನು 2003ರಲ್ಲಿ ಪ್ರಕಟಿಸಿದಾಗ, ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ತಿಳಿದುಬಂತು. ಅದಕ್ಕೂ ಮೊದಲೇ, 1992ರಲ್ಲಿ, ಇಂಗ್ಲೆಂಡಿನ ಲೆಸ್ಟರ್ ಪ್ರಾಂತದಿಂದ ಒಂದು ಅಧ್ಯಯನ ಬಂದಿತ್ತು. ಅಲ್ಲಿ ನೆಲೆಸಿದ ಭಾರತೀಯ ಮೂಲದ ಹಿಂದೂಗಳಲ್ಲಿಯೂ ಸಿಖ್ಖರಲ್ಲಿಯೂ ಈ ರೋಗವು ಸ್ಥಳೀಯ ಯುರೋಪಿಯನ್ನರಿಗಿಂತ ಹೆಚ್ಚಾಗಿ ಕಂಡುಬಂದಿತ್ತು. ನೆಲ ಬದಲಾದಾಗ ರಕ್ತ ಬದಲಾಗುವುದಿಲ್ಲ. ಊಟ, ನೀರು, ಬದುಕುವ ರೀತಿ ಬದಲಾಗುತ್ತವೆ. ಅವುಗಳೊಡನೆ ಕರುಳಿನಲ್ಲಿ ವಾಸಿಸುವ ಜೀವಿಗಳೂ ಬದಲಾಗುತ್ತವೆ.

ಆ ಜೀವಿಗಳ ಸಂಖ್ಯೆ ಕೇಳಿದರೆ ಅಚ್ಚರಿಯಾದೀತು. 2016ರಲ್ಲಿ ಪ್ರಕಟವಾದ ಲೆಕ್ಕಾಚಾರದಂತೆ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇವೆಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ ಕಾಲು ಕಿಲೋ ಕೂಡ ಆಗಲಾರದು. ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ.

ಇಷ್ಟೊಂದು ಪರಜೀವಿಗಳನ್ನು ಒಳಗಿಟ್ಟುಕೊಂಡು ದೇಹವು ಸುಮ್ಮನಿರುವುದಾದರೂ ಹೇಗೆ? ಚರ್ಮದ ಮೇಲಿನ ಗಾಯಕ್ಕೆ ಕೆಲವೇ ಬ್ಯಾಕ್ಟೀರಿಯಾ ಸೇರಿದರೂ ಕೀವಾಗಿ ಜ್ವರ ಬರುತ್ತದೆ. ಕರುಳಿನಲ್ಲಿ ಹಾಗಾಗದಿರಲು ದೇಹವು ಒಂದು ಏರ್ಪಾಡು ಮಾಡಿಕೊಂಡಿದೆ. ದೊಡ್ಡ ಕರುಳಿನ ಒಳಮೈಯನ್ನು ಎರಡು ಪದರಗಳ ಲೋಳೆ ಆವರಿಸಿದೆ. ಹೊರಪದರದಲ್ಲಿ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಕರುಳಿಗೆ ಅಂಟಿಕೊಂಡ ಒಳಪದರವು ಒತ್ತಾಗಿದ್ದು ಅಲ್ಲಿಗೆ ಅವು ಸುಲಭವಾಗಿ ನುಸುಳಲಾರವು. ಆ ಲೋಳೆಯ ಕೆಳಗೆ ಇರುವುದು ಒಂದೇ ಸಾಲು ಜೀವಕೋಶಗಳ ಗೋಡೆ. ಅದೂ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಅದರ ಹಿಂದೆ ರೋಗನಿರೋಧಕ ವ್ಯವಸ್ಥೆಯ ಕಾವಲು ಪಡೆ ನಿಂತಿದೆ. ಹೊಲದ ಬದುವಿನಂತೆ ಈ ಲೋಳೆಯು ಎರಡು ಕಡೆಯವರನ್ನೂ ಅವರವರ ಪಾಲಿನಲ್ಲಿ ಇರಿಸುತ್ತದೆ.

ಬದುವಿನಾಚೆಯವರು ಬಿಟ್ಟಿ ಉಣ್ಣುವವರಲ್ಲ. ನಾವು ತಿಂದ ಜೋಳ, ಕಾಳು, ಸೊಪ್ಪು, ತರಕಾರಿಗಳ ನಾರಿನಂಶವನ್ನು ನಮ್ಮ ಜಠರವೂ ಸಣ್ಣ ಕರುಳೂ ಅರಗಿಸಲಾರವು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲಾಂಶವನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ದೇಹದ ಉಳಿದ ಜೀವಕೋಶಗಳು ರಕ್ತದಲ್ಲಿನ ಸಕ್ಕರೆಯನ್ನು ನೆಚ್ಚಿಕೊಂಡಿದ್ದರೆ, ಇವು ತಮ್ಮ ಒಡನಾಡಿಗಳು ಬಡಿಸಿದ್ದನ್ನು ಉಣ್ಣುತ್ತವೆ. ಬ್ಯುಟಿರೇಟ್ ಉರಿಯೂತವನ್ನು ತಗ್ಗಿಸುತ್ತದೆ. ಕಾವಲು ಪಡೆಯನ್ನು ಶಾಂತವಾಗಿರಿಸುವ ಜೀವಕೋಶಗಳ ಬೆಳವಣಿಗೆಗೂ ನೆರವಾಗುತ್ತದೆ.

ಉರಿಯೂತ ಬಂದ ಕರುಳಿನಲ್ಲಿ ಈ ಏರ್ಪಾಡು ಕೆಟ್ಟಿರುತ್ತದೆ. ಜೀವಿಗಳ ವೈವಿಧ್ಯ ಕುಗ್ಗಿರುತ್ತದೆ. ಬ್ಯುಟಿರೇಟ್ ತಯಾರಿಸುವ ಪ್ರಭೇದಗಳು ಕ್ಷೀಣಿಸಿ, ಇ. ಕೋಲಿಯಂಥವುಗಳ ಗುಂಪು ಹೆಚ್ಚುತ್ತದೆ. ಫೀಕಾಲಿಬ್ಯಾಕ್ಟೀರಿಯಂ ಪ್ರೌಸ್ನಿಟ್ಜಿ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತರ ಕರುಳಿನಲ್ಲಿ ಹೇರಳವಾಗಿರುತ್ತದೆ. ಕ್ರೋನ್ಸ್ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಕಡಿಮೆಯಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚೆಂದು 2008ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಈ ಜೀವಿಗೆ ಆಮ್ಲಜನಕವೆಂದರೆ ವಿಷ. ಹೊರಗಿನ ಗಾಳಿಯಲ್ಲಿ ಅದು ಬೇಗನೆ ಸಾಯುತ್ತದೆ. ಆದಕಾರಣ ಅದನ್ನು ಮಾತ್ರೆಯಲ್ಲಿ ತುಂಬಿ ಮಾರುವುದು ಸುಲಭವಲ್ಲ.

ಇಲ್ಲಿ ಜಾಗರೂಕರಾದ ಓದುಗರು ಒಂದು ಸಂದೇಹವನ್ನು ಎತ್ತಬಹುದು. ಜೀವಿಗಳು ಕೆಟ್ಟದ್ದರಿಂದ ಉರಿಯೂತ ಬಂತೋ, ಉರಿಯೂತ ಬಂದದ್ದರಿಂದ ಜೀವಿಗಳು ಕೆಟ್ಟವೋ? ಕೆರೆ ಬತ್ತಿದಾಗ ಮೀನು ಸಾಯುತ್ತದೆ. ಮೀನು ಸತ್ತದ್ದರಿಂದ ಕೆರೆ ಬತ್ತಿತೆಂದು ಹೇಳಲಾಗುವುದಿಲ್ಲ. ಈ ಸಂದೇಹವನ್ನು ಬಿಡಿಸಿದ ಪ್ರಯೋಗಗಳು 1990ರ ದಶಕದಲ್ಲಿ ನಡೆದವು. ಉರಿಯೂತವನ್ನು ಹತೋಟಿಯಲ್ಲಿಡುವ ಇಂಟರ್‌ಲ್ಯೂಕಿನ್-10 ಎಂಬ ವಸ್ತು ಹುಟ್ಟಿನಿಂದಲೇ ಇಲ್ಲದ ಇಲಿಗಳನ್ನು ಸಾಮಾನ್ಯ ವಾತಾವರಣದಲ್ಲಿ ಸಾಕಿದಾಗ ಅವುಗಳ ಕರುಳು ಉರಿಯೂತಕ್ಕೆ ತುತ್ತಾಗುತ್ತದೆ. ಅದೇ ತಳಿಯ ಇಲಿಗಳನ್ನು ಒಂದೂ ಸೂಕ್ಷ್ಮಜೀವಿ ಸೋಂಕದ ಪಂಜರದಲ್ಲಿ ಬೆಳೆಸಿದಾಗ ಅವುಗಳಿಗೆ ರೋಗ ಬರಲಿಲ್ಲ. ಅವುಗಳ ಹೊಟ್ಟೆಗೆ ಸಾಮಾನ್ಯ ಬ್ಯಾಕ್ಟೀರಿಯಾಗಳನ್ನು ಸೇರಿಸಿದೊಡನೆ ರೋಗ ಕಾಣಿಸಿಕೊಂಡಿತು. ಹೀಗೆ ಸೇರಿಸಿದ್ದು ಯಾವುದೇ ಘೋರ ಕ್ರಿಮಿಯಲ್ಲ. ಬೇರೆ ಇಲಿಗಳ ಕರುಳಿನಲ್ಲಿ ಸುಖವಾಗಿ ವಾಸಿಸುವಂಥವೇ.

ಮನುಷ್ಯರಲ್ಲಿಯೂ ಇದಕ್ಕೆ ಆಧಾರ ದೊರೆತಿದೆ. ಬೆಲ್ಜಿಯಂನ ಲ್ಯೂವೆನ್ ನಗರದ ಪಾಲ್ ರುಟ್‌ಗೇರ್ಟ್ಸ್ ಮತ್ತು ಸಂಗಡಿಗರು ಕ್ರೋನ್ಸ್ ರೋಗಿಗಳ ರೋಗಪೀಡಿತ ಕರುಳನ್ನು ಕತ್ತರಿಸಿ ಜೋಡಿಸಿದ ಮೇಲೆ, ಆ ಜೋಡಣೆಯತ್ತ ಕರುಳಿನ ದ್ರವ ಹರಿಯದಂತೆ ಅದನ್ನು ಮೇಲ್ಭಾಗದಲ್ಲಿಯೇ ಹೊಟ್ಟೆಯ ಗೋಡೆಯ ಮೂಲಕ ಹೊರಗೆ ತಿರುಗಿಸಿದರು. ತಿಂಗಳುಗಳ ಕಾಲ ಆ ಜೋಡಣೆ ನಿರ್ಮಲವಾಗಿಯೇ ಇತ್ತು. ಹರಿವನ್ನು ಮರಳಿ ಜೋಡಿಸಿದ ಮೇಲೆ ರೋಗವು ಮತ್ತೆ ಅಲ್ಲಿಯೇ ತಲೆಯೆತ್ತಿತು. 1991ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದುವರಿಕೆಯಾಗಿ 1998ರಲ್ಲಿ ಮೂವರು ರೋಗಿಗಳಲ್ಲಿ ಅವರದೇ ಕರುಳಿನ ದ್ರವವನ್ನು ಖಾಲಿಯಿದ್ದ ಭಾಗಕ್ಕೆ ಹಾಯಿಸಿ ನೋಡಿದಾಗ, ಎಂಟು ದಿನಗಳೊಳಗಾಗಿ ಉರಿಯೂತದ ಮೊದಲ ಚಿಹ್ನೆಗಳು ಸೂಕ್ಷ್ಮದರ್ಶಕದಲ್ಲಿ ಕಂಡವು.

ಹಾಗಾದರೆ ತಪ್ಪು ಬ್ಯಾಕ್ಟೀರಿಯಾಗಳದೇ? ಅದೇ ದ್ರವ, ಅದೇ ಜೀವಿಗಳು ಕೋಟ್ಯಂತರ ಜನರ ಕರುಳಿನಲ್ಲಿ ಏನೂ ಮಾಡದೆ ಹರಿಯುತ್ತಿವೆ. 2001ರಲ್ಲಿ ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ಜೀನ್ ಪತ್ತೆಯಾಯಿತು. ನಾಡ್-2 ಎಂಬ ಅದರ ಕೆಲಸವೆಂದರೆ ಬ್ಯಾಕ್ಟೀರಿಯಾದ ಗೋಡೆಯ ಒಂದು ತುಣುಕನ್ನು ಗುರುತಿಸುವುದು! ದೋಷವಿದ್ದದ್ದು ಜೀವಿಗಳನ್ನು ಗುರುತಿಸಿ ಸರಿಯಾಗಿ ವರ್ತಿಸುವ ದೇಹದ ಸಾಮರ್ಥ್ಯದಲ್ಲಿ. ಯುರೋಪಿಯನ್ನರಲ್ಲಿ ಮುಖ್ಯವಾದ ಈ ಜೀನ್‌ನ ದೋಷಗಳು ನಮ್ಮ ಜನರಲ್ಲಿ ವಿರಳ. ಆಮೇಲೆ ಇನ್ನೂರಕ್ಕೂ ಹೆಚ್ಚು ಜೀನ್ ನೆಲೆಗಳು ಈ ರೋಗಗಳೊಡನೆ ನಂಟು ಹೊಂದಿರುವುದು ತಿಳಿದುಬಂದಿದೆ. ಒಟ್ಟಿನಲ್ಲಿ, ಹುಟ್ಟಿನಿಂದ ಬಂದ ಒಲವು, ತೆಳುವಾದ ಲೋಳೆ, ಕುಗ್ಗಿದ ಜೀವಿವೈವಿಧ್ಯ, ಎಳವೆಯಲ್ಲಿ ಪದೇ ಪದೇ ನುಂಗಿದ ಆ್ಯಂಟಿಬಯೋಟಿಕ್, ಬದಲಾದ ಆಹಾರ ಇವೆಲ್ಲ ಸೇರಿ, ಒಡನಾಡಿಯನ್ನು ವೈರಿಯೆಂದು ಬಗೆದು ದೇಹವು ತನ್ನ ಮನೆಯಲ್ಲಿಯೇ ಯುದ್ಧ ಹೂಡುತ್ತದೆ. ಹೊಡೆತ ಬೀಳುವುದು ಕರುಳಿನ ಗೋಡೆಗೆ.

ಕ್ರಿಮಿನಾಶಕ ಔಷಧದಿಂದ ಈ ರೋಗ ಏಕೆ ಗುಣವಾಗದೆಂಬುದು ಇದರಿಂದ ತಿಳಿಯುತ್ತದೆ. ಗುದದ ಸುತ್ತ ಕೀವುಗಟ್ಟಿದಾಗ, ಸೋಂಕು ಸೇರಿಕೊಂಡಾಗ ಆ್ಯಂಟಿಬಯೋಟಿಕ್ ಬೇಕಾಗುವುದುಂಟು. ಉಳಿದಂತೆ ಅದು ಅಳಿದುಳಿದ ಒಡನಾಡಿಗಳನ್ನೂ ಕೊಂದು ಹಾಕುತ್ತದೆ. ಔಷಧದಂಗಡಿಯ ಐದು ದಿನಗಳ ಮಾತ್ರೆಯನ್ನು ವರ್ಷಕ್ಕೆ ಹತ್ತು ಸಲ ನುಂಗಿದವರನ್ನು ನೋಡಿದಾಗ ಮನಸ್ಸಿಗೆ ಖೇದವಾಗುತ್ತದೆ.

ಈ ಸಂದರ್ಭದಲ್ಲಿ ಒಂದು ಹಳೆಯ ಔಷಧದ ಕಥೆಯನ್ನು ಹೇಳಲೇಬೇಕು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ನನ್ನಾ ಸ್ವಾರ್ಟ್ಸ್ ಎಂಬ ವೈದ್ಯೆಯಿದ್ದರು. ಸಂಧಿವಾತಕ್ಕೆ ಬ್ಯಾಕ್ಟೀರಿಯಾ ಕಾರಣವಿರಬಹುದೆಂಬ ಊಹೆಯಿಂದ ಅವರು ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಸಲ್ಫಾ ಔಷಧವನ್ನೂ, ಉರಿಯೂತ ತಗ್ಗಿಸುವ ಸ್ಯಾಲಿಸಿಲೇಟ್ ಅಂಶವನ್ನೂ ಒಂದೇ ಕಣದಲ್ಲಿ ಬೆಸೆಯಿಸಿದರು. ಹೀಗೆ ಹುಟ್ಟಿದ್ದು ಸಲ್ಫಾಸಲಜೀನ್. ಅದನ್ನು ಕೊಟ್ಟಾಗ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳಲ್ಲಿ ಸ್ಪಷ್ಟವಾದ ಸುಧಾರಣೆ ಕಂಡಿತು; 1940ರ ದಶಕದ ಆರಂಭದಲ್ಲಿ ಅವರು ಅದನ್ನು ಪ್ರಕಟಿಸಿದರು. ಮೂರು ದಶಕಗಳಿಗೂ ಹೆಚ್ಚು ಕಾಲ, ಎರಡು ಅಂಶಗಳಲ್ಲಿ ಗುಣ ನೀಡುವುದು ಯಾವುದೆಂದು ತಿಳಿಯದೆಯೇ ವೈದ್ಯರು ಅದನ್ನು ಕೊಡುತ್ತ ಬಂದರು. 1977ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್ ಅವರು ಸಿಡ್ನಿ ಟ್ರೂಲವ್ ಮೊದಲಾದವರೊಡನೆ ಎರಡು ಅಂಶಗಳನ್ನೂ ಬೇರೆ ಬೇರೆಯಾಗಿ ಬಸ್ತಿಯ ಮೂಲಕ ಕೊಟ್ಟು ಪರೀಕ್ಷಿಸಿದರು. ಗುಣ ನೀಡಿದ್ದು ಉರಿಯೂತ ತಗ್ಗಿಸುವ ಅಂಶ. ಬ್ಯಾಕ್ಟೀರಿಯಾವನ್ನು ಹತ್ತಿಕ್ಕಲೆಂದು ಸೇರಿಸಿದ ಅಂಶ ಅದನ್ನು ಹೊತ್ತೊಯ್ಯುವ ಗಾಡಿಯಾಗಿತ್ತಷ್ಟೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಆ ಎರಡು ಅಂಶಗಳ ಬೆಸುಗೆಯನ್ನು ಬಿಡಿಸಿ ಔಷಧವನ್ನು ಹೊರತರುವವರು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ. ಅವುಗಳನ್ನು ಕೊಲ್ಲಲು ಹೊರಟ ಮದ್ದು ಅವುಗಳ ಕೈಯಿಂದಲೇ ಫಲ ಕೊಟ್ಟಿತು. ಇಂದು ಬಹುಮಂದಿ ರೋಗಿಗಳು ಸೇವಿಸುವ ಮೆಸಲಜೀನ್ ಮಾತ್ರೆಯು ಆ ಫಲಕಾರಿ ಅಂಶವೇ.

ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಹೊರಗಿನಿಂದ ತುಂಬಬಾರದೇಕೆಂಬ ಪ್ರಶ್ನೆ ಈಗ ಸಹಜ. ಮೊದಲನೆಯ ಮಹಾಯುದ್ಧದಲ್ಲಿ ಭೇದಿಗೆ ತುತ್ತಾಗದೆ ಉಳಿದ ಸೈನಿಕನೊಬ್ಬನ ಕರುಳಿನಿಂದ ಜರ್ಮನಿಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ಬೇರ್ಪಡಿಸಿದ ಇ. ಕೋಲಿಯ ಒಂದು ತಳಿಯು, ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯುವಲ್ಲಿ ಮೆಸಲಜೀನ್‌ಗೆ ಸರಿಸಮವೆಂದು ಕೆಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅಂಗಡಿಯಲ್ಲಿ ಪ್ರೋಬಯಾಟಿಕ್ ಎಂಬ ಹೆಸರಿನಿಂದ ಮಾರುವ ಎಲ್ಲ ಪುಡಿ, ಕ್ಯಾಪ್ಸೂಲ್‌ಗಳಿಗೂ ಈ ಮಾತನ್ನು ಅನ್ವಯಿಸಲಾಗದು. ಕ್ರೋನ್ಸ್ ಕಾಯಿಲೆಯಲ್ಲಂತೂ ಯಾವುದೂ ನೆಚ್ಚಬಹುದಾದ ಫಲ ತೋರಿಲ್ಲ.

ಆರೋಗ್ಯವಂತನ ಮಲವನ್ನು ಶೋಧಿಸಿ ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯೂ ಇದೆ. ಕೇಳಲು ಹೇಸಿಗೆಯೆನಿಸಿದರೂ ಇದು ಗಂಭೀರವಾದ ವೈದ್ಯಕೀಯ ಪ್ರಯತ್ನ. ಕೆನಡಾದಲ್ಲಿ 75 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 24 ಮಂದಿಗೆ ರೋಗ ಶಮನವಾಯಿತು; ಬರಿಯ ನೀರಿನ ಬಸ್ತಿ ಪಡೆದವರಲ್ಲಿ ನೂರಕ್ಕೆ ಐದು ಮಂದಿಗೆ. ಗುಣವಾದ ಒಂಬತ್ತು ಜನರಲ್ಲಿ ಏಳು ಮಂದಿಗೆ ಮಲ ದೊರೆತದ್ದು ಒಬ್ಬನೇ ದಾನಿಯಿಂದ! ಆ ದಾನಿಯಲ್ಲಿ ಏನಿತ್ತೆಂಬ ಹುಡುಕಾಟವು ಮುಂದಿನ ಸಂಶೋಧನೆಗೆ ದಾರಿಯಾಯಿತು. ನಮ್ಮ ದೇಶದಲ್ಲಿ ಲುಧಿಯಾನಾದ ದಯಾನಂದ ವೈದ್ಯಕೀಯ ಕಾಲೇಜು ಮತ್ತು ದೆಹಲಿಯ ಏಮ್ಸ್ ಸಂಸ್ಥೆಗಳಲ್ಲಿಯೂ ಇಂಥ ಅಧ್ಯಯನಗಳು ನಡೆದಿವೆ. ಇದನ್ನು ಮನೆಯಲ್ಲಿ ಮಾಡಿ ನೋಡುವ ಸಾಹಸ ಮಾತ್ರ ಸಲ್ಲದು. ಬೇರೆ ಕಾರಣಕ್ಕಾಗಿ ಈ ಚಿಕಿತ್ಸೆ ಪಡೆದ ಇಬ್ಬರಿಗೆ ದಾನಿಯಿಂದ ಔಷಧಕ್ಕೆ ಬಗ್ಗದ ಇ. ಕೋಲಿ ತಗುಲಿ, ಒಬ್ಬರು ತೀರಿಕೊಂಡರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿತು.

ಆಹಾರದ ವಿಷಯದಲ್ಲಿ ಹೇಳುವುದು ಬಹಳವಿದೆ, ಖಚಿತವಾಗಿ ಹೇಳಬಹುದಾದದ್ದು ಕಡಿಮೆ. ಕ್ರೋನ್ಸ್ ಕಾಯಿಲೆಯ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆಲ್ಲ ಊಟ ಬಿಡಿಸಿ, ವಿಶೇಷ ದ್ರವಾಹಾರವನ್ನೇ ಕೊಟ್ಟರೆ ಸ್ಟೀರಾಯ್ಡ್ ಇಲ್ಲದೆಯೇ ರೋಗ ತಗ್ಗುತ್ತದೆಂಬುದು ಸ್ಥಿರಪಟ್ಟಿದೆ. ಸಂಸ್ಕರಿತ ತಿಂಡಿಗಳು ಬೇರೆಯಾಗದೆ ಒಂದಾಗಿರಲು ಸೇರಿಸುವ ಎರಡು ರಾಸಾಯನಿಕಗಳು ಇಲಿಗಳ ಕರುಳಿನ ಲೋಳೆಯನ್ನು ತೆಳುವಾಗಿಸಿ ಬ್ಯಾಕ್ಟೀರಿಯಾಗಳನ್ನು ಗೋಡೆಯ ಹತ್ತಿರಕ್ಕೆ ಬಿಟ್ಟವೆಂದು 2015ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದ್ದಾರೆ. ಪೊಟ್ಟಣದ ತಿಂಡಿಗಳನ್ನು ದೂರವಿಡಲು ಅಷ್ಟು ಸಾಕು. ರೋಗ ಉಲ್ಬಣಿಸಿದಾಗ ಮೆತ್ತಗಿನ ಅನ್ನ, ಹೆಸರುಬೇಳೆಯ ತಿಳಿ, ಅಂಬಲಿ, ಮಜ್ಜಿಗೆ ಹಿತ. ಹಾಲು ಕೆಲವರಿಗೆ ಒಗ್ಗುವುದಿಲ್ಲ. ರೋಗ ಶಾಂತವಾದ ಮೇಲೆ ಜೋಳದ ರೊಟ್ಟಿ, ಬೇಯಿಸಿದ ಕಾಳು, ಸೊಪ್ಪುಗಳಿಗೆ ನಿಧಾನವಾಗಿ ಮರಳಬೇಕು. ಭಯದಿಂದ ವರ್ಷಗಟ್ಟಲೆ ಬರಿಯ ಗಂಜಿ ಕುಡಿಯುವವರು ತಮ್ಮೊಡನೆ ಒಳಗಿನ ಒಡನಾಡಿಗಳನ್ನೂ ಉಪವಾಸ ಕೆಡಹುತ್ತಾರೆ. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾದವರು ಮಾತ್ರ ನಾರಿನ ಪದಾರ್ಥದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಮೊಣಕಾಲು ನೋವಿಗೆಂದು ನುಂಗುವ ನೋವಿನ ಮಾತ್ರೆಗಳು ರೋಗವನ್ನು ಕೆರಳಿಸಬಲ್ಲವು. ಬೀಡಿ, ಸಿಗರೇಟುಗಳು ಕ್ರೋನ್ಸ್ ಕಾಯಿಲೆಯನ್ನು ಖಂಡಿತವಾಗಿ ಹೆಚ್ಚಿಸುತ್ತವೆ.

ಚಿಕಿತ್ಸೆಯ ದೊಡ್ಡ ಶತ್ರು ಗುಣಮುಖರಾದೆವೆಂಬ ಭಾವನೆ. ಎರಡು ತಿಂಗಳು ರಕ್ತ ನಿಂತಿತೆಂದರೆ ಮಾತ್ರೆ ಬಿಡುತ್ತಾರೆ. ‘ಕರುಳು ಶುದ್ಧಿ’ಯ ಜಾಹೀರಾತು ನೋಡಿ ಇದ್ದ ಔಷಧ ನಿಲ್ಲಿಸುವವರೂ ಇದ್ದಾರೆ. ದೇಹವು ತನ್ನ ಒಡನಾಡಿಗಳೊಡನೆ ಹೂಡಿದ ಜಗಳವನ್ನು ಔಷಧವು ತಡೆದು ನಿಲ್ಲಿಸಿರುತ್ತದೆ. ಜಗಳದ ಮೂಲ ಉಳಿದೇ ಇರುತ್ತದೆ. ಔಷಧ ಬಿಟ್ಟರೆ ಮರುಕಳಿಸುವ ಸಂಭವ ಹೆಚ್ಚು, ಮರುಕಳಿಸಿದಾಗಲೆಲ್ಲ ಸ್ಟೀರಾಯ್ಡ್ ಬೇಕಾಗುತ್ತದೆ. ಸ್ಟೀರಾಯ್ಡನ್ನು ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುವುದು, ಸಕ್ಕರೆ ಕಾಯಿಲೆ ಬರುವುದು ತಪ್ಪಿದ್ದಲ್ಲ. ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಮೇಲುನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಕ್ಷಯವಿದ್ದವರಿಗೆ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ವೈದ್ಯರು ತುಣುಕು ಪರೀಕ್ಷೆ, ಸ್ಕ್ಯಾನ್ ಎಂದು ತಡಮಾಡುತ್ತಿದ್ದರೆ ಅದಕ್ಕೆ ಇದೇ ಕಾರಣವಿರಬಹುದು.

ಮಲದಲ್ಲಿ ರಕ್ತವು ಎರಡು ಮೂರು ವಾರ ನಿಲ್ಲದಿದ್ದರೆ, ನಡುರಾತ್ರಿ ಎಚ್ಚರಗೊಳಿಸುವ ಭೇದಿಯಿದ್ದರೆ, ತೂಕ ಇಳಿಯುತ್ತಿದ್ದರೆ ಕೊಲೊನೋಸ್ಕೋಪಿಗೆ ಹಿಂಜರಿಯಬಾರದು. ದಿನಕ್ಕೆ ಆರು ಬಾರಿಗಿಂತ ಹೆಚ್ಚು ರಕ್ತಭೇದಿಯಾಗಿ ಜ್ವರವೂ ನಾಡಿಯ ವೇಗವೂ ಏರಿದರೆ ಅದೇ ದಿನ ಆಸ್ಪತ್ರೆಗೆ ಸೇರಬೇಕು. ದೊಡ್ಡ ಕರುಳಿನ ಹೆಚ್ಚು ಭಾಗ ರೋಗಕ್ಕೆ ತುತ್ತಾಗಿ ಎಂಟು ವರ್ಷ ಕಳೆದವರು, ಆರೋಗ್ಯವಾಗಿದ್ದರೂ, ಕ್ಯಾನ್ಸರಿನ ಮುನ್ಸೂಚನೆ ನೋಡಿಸಿಕೊಳ್ಳಲು ಆಗಾಗ ಕೊಲೊನೋಸ್ಕೋಪಿಗೆ ಹೋಗಬೇಕು.

ಕೊನೆಯದಾಗಿ, ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತೈದರ ವಯಸ್ಸಿನಲ್ಲಿ, ಅಂದರೆ ಓದು, ಕೆಲಸ, ಕಂಕಣಬಲದ ಕಾಲದಲ್ಲಿ. ಸಂಬಂಧ ತಪ್ಪೀತೆಂದು ಮನೆಯವರು ರೋಗವನ್ನು ಮುಚ್ಚಿಡುತ್ತಾರೆ. ಮದುವೆಯಾದ ಹೆಣ್ಣುಮಗಳು ಅತ್ತೆಮನೆಯಲ್ಲಿ ಮಾತ್ರೆ ಕಂಡೀತೆಂದು ನುಂಗುವುದನ್ನೇ ಬಿಡುತ್ತಾಳೆ, ಬಸಿರಾದಾಗಲಂತೂ ಎಲ್ಲವನ್ನೂ ನಿಲ್ಲಿಸುತ್ತಾಳೆ. ಮೆಸಲಜೀನ್‌ನಂಥ ಔಷಧಗಳನ್ನು ಬಸಿರಿನಲ್ಲಿಯೂ ಮುಂದುವರಿಸಬಹುದು. ಮೆಥೊಟ್ರೆಕ್ಸೇಟ್‌ನಂಥವನ್ನು ಗರ್ಭ ಧರಿಸುವ ಮೊದಲೇ ಬದಲಿಸಬೇಕು. ಆದುದರಿಂದ ಮೊದಲೇ ವೈದ್ಯರೊಡನೆ ಮಾತನಾಡಬೇಕು. ಬ್ಯಾಕ್ಟೀರಿಯಾದ ಮಾತು ಕೇಳಿದ ಕೆಲವರು ಇದು ಅಂಟುರೋಗವೆಂದು ತಿಳಿದು ರೋಗಿಯ ತಟ್ಟೆ, ಲೋಟಗಳನ್ನು ಬೇರೆಯಿಡುವುದನ್ನು ಕಂಡಿದ್ದೇನೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಈ ರೋಗವಿರುವವರು ಮನೆಮಂದಿಯೊಡನೆ ಒಂದೇ ಸಾಲಿನಲ್ಲಿ, ಮಠದ ದಾಸೋಹದ ಪಂಕ್ತಿಯಲ್ಲಿ, ಎಲ್ಲರ ಜೊತೆ ಕುಳಿತು ಉಣ್ಣಬಹುದು. ರೋಗ ಕೆರಳಿದ ದಿನಗಳಲ್ಲಿ ಕೆಂಪು ಖಾರದ ಚಟ್ನಿಯನ್ನು ಪಕ್ಕಕ್ಕೆ ಸರಿಸಿದರೆ ಆಯಿತು.